ಎರಡನೇ ಭಾಗ

ನ್ಯಾಷನಲ್ ಮಾರ್ಕೆಟ್ಟಿನ ಇಕ್ಕಟ್ಟಿನಲ್ಲಿ
ಫಯಾಜ್ ಭಾಯಿ ಮೊದಲೇ ಅಂದಿದ್ದರು:
"ಬೇಡಮ್ಮ, ಇದು ಅದಲ್ಲ."
ಮೂರು ಸಾವಿರದ ಇನ್ನೂರು ಎಣಿಸಿಕೊಟ್ಟೆ.
ಹನ್ನೊಂದು ವರ್ಷ ಕಾದವಳಿಗೆ ಬುದ್ಧಿ ಹೇಳಬಾರದು.

ಮೆಟ್ರೋ ಕಬ್ಬನ್ ಪಾರ್ಕ್ ಮುಟ್ಟುವ ಮುಂಚೆಯೇ
ರಾಜ್ಯ ಉಳಿಸು ಎಂದರು. ಅದೇ ರಾಜ್ಯ.
ಕತ್ತಿ ಥಳಥಳ, ಕೂದಲು ಎಳೆಎಳೆಯಾಗಿ ಹಾರುತ್ತದೆ,
ನೀರಿನಲ್ಲಿ ಮೋಡ ಕೂಡ ಕಾಣುತ್ತದೆ.
ಹೋಗಬೇಕಾದಲ್ಲಿಗೆಲ್ಲ ಹಳದಿ ಬಾಣ.
ದಾರಿ ತಪ್ಪೋಣವೆಂದರೆ ಬಿಡುವುದಿಲ್ಲ,
ಗಂಡು ತೋರಿಸುವ ಸೋದರತ್ತೆಯ ಹಾಗೆ
ಹಿಂದೆಯೇ ಬರುತ್ತದೆ.

ಮೊದಲನೆಯದರಲ್ಲಿ ಒಬ್ಬ ಅಂಬಿಗನಿದ್ದ.
ಕತೆಗೆ ಬೇಡದವನು.
ಯಾವಾಗ ಮಾತಾಡಿಸಿದರೂ
"ಹೊಳೆ ಇವತ್ತು ಸರಿಯಿಲ್ಲ, ನಾಳೆ ಬಾ."
ನಮ್ಮಜ್ಜಿ ದೆವ್ವಕ್ಕೆಂದು ಬಾಗಿಲ ಮೇಲೆ ಬರೆಸಿದ್ದೂ ಅದೇ.
ನಾನೂ ಶ್ಯಾಮಲಿಯೂ
ಹನುಮಂತನಗರದ ಟ್ಯೂಷನ್ ಮೆಟ್ಟಿಲಲ್ಲಿ
ಒಂದೇ ಯಂತ್ರಕ್ಕೆ ನಾಲ್ಕು ಹೆಬ್ಬೆರಳು ಹಚ್ಚಿ
ನೂರು ನಾಳೆ ಹೋದೆವು.
ಆಚೆ ದಡದಲ್ಲಿ ಊರು ಅಂದಳು ಅವಳು,
ಡ್ರ್ಯಾಗನ್ ಅಂದೆ ನಾನು,
ಎರಡು ದಿನ ಮಾತು ಬಿಟ್ಟೆವು.

ಈಗ ಹೊಳೆಗೆ ಸೇತುವೆ ಬಂದಿದೆ.
ರೈಲು ನೆಲದಿಂದ ಮೇಲೆದ್ದು
ಹಲಸೂರು ಬರುವಷ್ಟರಲ್ಲಿ ದಾಟಿಯಾಯಿತು.
ಆಚೆ ದಡದಲ್ಲಿ ಒಂದು ಅಂಗಡಿ.
ಔಷಧಿ, ಬಾಣ, ಬ್ರೆಡ್ಡು.
ಅಂಗಡಿಯವನಿಗೆ ಈಚೆ ದಡದವನದೇ ಮುಖ.

ಮೆಸೇಜು ಹಾಕಿದೆ: ಊರೂ ಇಲ್ಲ, ಡ್ರ್ಯಾಗನ್ನೂ ಇಲ್ಲ ಕಣೇ.
ಇಂದಿರಾನಗರದಲ್ಲಿ ಉತ್ತರ ಬಂತು:
"ಯಾವ ಊರೇ?"

ಬೈಯಪ್ಪನಹಳ್ಳಿಯಲ್ಲಿ ಇಳಿಯಬೇಕಿತ್ತು.
ಇಳಿಯಲಿಲ್ಲ.
ಸೇತುವೆ ಮೇಲೆ ವಾಪಸು ನಡೆದು
ಅವನು ಕೂರುತ್ತಿದ್ದ ಕಲ್ಲಿನ ಪಕ್ಕ ನಿಂತು
ಗುಂಡಿ ಒತ್ತಿದೆ, ಒತ್ತಿದೆ.
ಕಲ್ಲನ್ನು ಮಾತ್ರ ಚೆನ್ನಾಗಿ ಬಿಡಿಸಿದ್ದಾರೆ,
ಪಾಚಿ ಸಮೇತ.