ಗಿಡ್ಡ ಗೇರು

ಗಣಿ ಮುಚ್ಚಿದ ಮೇಲೆ ಹರಾಜಿಗೆ ಬಂದದ್ದು.
ಸಂಡೂರಿನಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು
ನನ್ನ ಗಂಡ ಗಾದಿಲಿಂಗ, ಅವನ ಗೆಳೆಯ ಹೊನ್ನೂರ್‌ವಲಿ.
ಕೌಲ್‌ಬಜಾರಿನ ನಮ್ಮ ಸಂದಿಯಲ್ಲಿ ಅದು ಹಿಡಿಸಲಿಲ್ಲ.
ಎರಡು ಗಾಲಿ ಮೋರಿಗೆ, ಎರಡು ಗಾಲಿ ಕಟ್ಟೆಗೆ ತಾಗಿ ನಿಂತು
ಅಡಿಯಲ್ಲಿ ಯಾರದೋ ಕೋಳಿಗಳು ಸಂಸಾರ ಹೂಡಿದವು.

"ನಾಲ್ಕೂ ಗಾಲಿ ಎಳೀತಾವ ನೋಡು" ಅಂದ.
"ಎಲ್ಲಿಗೆ?" ಅಂದೆ.
ಊರಿಗೆ ಇರೋದು ಎರಡು ಗುಡ್ಡ.
ಒಂದಕ್ಕೆ ಮೆಟ್ಟಿಲು ಐತೆ,
ಇನ್ನೊಂದರ ಮೇಲೆ ನಮಗೇನೂ ಕೆಲಸವಿಲ್ಲ.

ಮೊದಲ ಭಾನುವಾರ ಬರೀ ಮಣ್ಣು.
ಚಾಸಿಯ ಸಂದಿಗೆ ಸ್ಕ್ರೂಡ್ರೈವರು ಹಾಕಿ ಕೆರೆದರೆ
ಮೇಲೆ ಅದಿರಿನ ಕೆಂಪು, ಕುಂಕುಮದಷ್ಟು ನುಣ್ಣಗೆ,
ಅದರಡಿ ಎರೆಹೊಲದ ಕಪ್ಪು, ಒಣಗಿ ಬೆಲ್ಲದಚ್ಚಾಗಿ,
ಅದರಡಿ ಹಗರಿಯ ಮರಳು, ಒಂದು ಸಣ್ಣ ಶಂಖದ ಹುಳದ ಚಿಪ್ಪು.
ಯಾರ್ಯಾರ ಕಾಲದಲ್ಲಿ ಎಲ್ಲೆಲ್ಲಿ ಹೊಕ್ಕಿತ್ತೋ.
ಮೂರು ದಿನ ನಮ್ಮ ಮೋರಿ ಕೆಂಪಗೆ ಹರಿದು
ಎದುರುಮನೆ ಶರ್ಫುನ್ನೀಸಾ ಬಾಗಿಲಿಗೆ ಬಂದು ಕೇಳಿದಳು:
"ಏನು ಕೊಯ್ದಿರಿ, ನಮಗೆ ಪಾಲಿಲ್ಲವಾ?"

ಹಗಲು ಕಬ್ಬಿಣ ಮುಟ್ಟುವ ಹಾಗಿಲ್ಲ, ವೈಶಾಖ.
ರಾತ್ರಿ ಬಲ್ಬಿನಡಿ ಇಬ್ಬರೂ ಅಂಗಾತ ಮಲಗಿ
ಕಮಾನು ಪಟ್ಟಿ ಒಂದೊಂದೇ ಬಿಚ್ಚಿ
ನನ್ನ ಹಪ್ಪಳದ ಚಾಪೆ ಮೇಲೆ ಸಾಲಾಗಿ ಇಟ್ಟರು.
ಸಾಸಿವೆ ಡಬ್ಬಿಯಲ್ಲಿ ಬೇರಿಂಗಿನ ಗುಂಡು.
ಒಗ್ಗರಣೆಗೆ ಕೈ ಹಾಕಿ ನಾನು ಬೈದದ್ದು
ಬಹುಶಃ ಬ್ರೂಸ್‌ಪೇಟೆಗೂ ಕೇಳಿಸಿರಬೇಕು.

ಇಂಜಿನ್ನು ಕೆಮ್ಮಿ ಕೆಮ್ಮಿ ಉಸಿರಾಡಿತು.
ಬ್ರೇಕು ಬಂತು, ದೀಪ ಬಂತು, ಹಾರ್ನು ತಾನೇ ತಾನಾಗಿ ಕೂಗಿತು.
ಗಿಡ್ಡ ಗೇರು ಮಾತ್ರ ಕದಲಲಿಲ್ಲ.
ನಾಲ್ಕು ಗಾಲಿಯನ್ನು ಒಂದು ಮಾಡುವ ಗೇಣುದ್ದದ ಕಡ್ಡಿ
ಹಟ ಹಿಡಿದ ಹಸುವಿನ ಹಾಗೆ ಕಾಲೂರಿತ್ತು.
ಸುತ್ತಿಗೆ ಎತ್ತಿದ ಇವನ ಕೈ ಹಿಡಿದು ವಲಿ ಅಂದ:
"ತುಕ್ಕಿನ ಮುಂದೆ ಜೋರು ನಡೆಯಲ್ಲ.
ದಿನಾ ಒಂದಿಷ್ಟು ಎಣ್ಣೆ ಕುಡಿಸು. ಮಾತಾಡಿಸಬೇಡ."

ಇವನು ಎರಡು ದಿನ ಕುಡಿಸಿದ, ಮರೆತ.
ನಾನು ಮರೆಯಲಿಲ್ಲ.
ಹನ್ನೆರಡು ವರ್ಷದಿಂದ ಜೀನ್ಸ್ ಪ್ಯಾಂಟಿನ
ಹಿಂದಿನ ಜೇಬು ಮಾತ್ರ ಹೊಲಿಯುವವಳು ನಾನು,
ಮಷೀನಿನ ಉದ್ದಮೂತಿಯ ಎಣ್ಣೆಡಬ್ಬಿ ಹಿಡಿದು
ಕೆಲಸ ಮುಗಿದ ಮೇಲೆ ಜೀಪಿನೊಳಗೆ ಬಗ್ಗುತ್ತಿದ್ದೆ.
ನಾಲ್ಕು ಹನಿ. ಒಮ್ಮೊಮ್ಮೆ ಐದು.
ಹದಿನೇಳನೆಯ ರಾತ್ರಿ, ಊರೆಲ್ಲ ಮಲಗಿದಾಗ,
ಸುಮ್ಮನೆ ಹಿಡಿದು ಎಳೆದೆ.
ಕಟಕ್.

ಎದೆಯೊಳಗೂ ಏನೋ ಹಲ್ಲಿಗೆ ಹಲ್ಲು ಕೂತಿತು.
ಮತ್ತೆ ಹಿಂದಕ್ಕೆ ತಳ್ಳಿದೆ. ಮತ್ತೆ ಎಳೆದೆ.
ಇದ್ದಲ್ಲೇ ಇಟ್ಟು, ಸೆರಗಿಗೆ ಕೈ ಒರೆಸಿ ಮಲಗಿದೆ.
ಬೆಳಿಗ್ಗೆ "ಬಂತು, ಬಂತು!" ಅಂತ ಅವನು ಕುಣಿದಾಗ
ಚಾ ಸೋಸುತ್ತ "ಹೌದಾ?" ಅಂದೆ.

ಕ್ಯಾನ್ವಾಸಿನ ರೇಟು ಕೇಳಿ ಬಂದ ದಿನ ಅವನು ಉಣ್ಣಲಿಲ್ಲ.
ಗೋಡೌನಿನ ಕಟ್‌ಪೀಸು ಕಿಲೋ ಲೆಕ್ಕದಲ್ಲಿ ತಂದು
ಎರಡು ಸೂಜಿಯ ಮಷೀನಿನಲ್ಲಿ, ಕಿತ್ತಳೆ ದಾರದಲ್ಲಿ
ನಾನೇ ಹೊಲಿದೆ ಹುಡ್ಡು, ಒಂಬತ್ತು ತರದ ನೀಲಿ.
ಒಳಗಡೆ ಆರು ಜೇಬು:
ಪಾನಾಕ್ಕೆ, ಬೀಡಿಗೆ, ಆರ್‌ಸಿ ಬುಕ್ಕಿಗೆ.
ಬುಕ್ಕಿನಲ್ಲಿ ಬಣ್ಣ ಬೂದು ಅಂತ ಇತ್ತು.
ಆರ್‌ಟಿಓದವರಿಗೆ ಏನು ಹೇಳೋದು? ನೋಡಿಕೊಂಡರಾಯಿತು.

ಗುಡ್ಡ ಹತ್ತಲಿಲ್ಲ. ಹೊಳೆ ದಾಟಲಿಲ್ಲ.
ಒಳಚರಂಡಿಗೆ ನಮ್ಮ ಸಂದಿ ಅಗೆದು ಹೋದ ವಾರ
ಒಂದು ಸಂಜೆ ಜೋರು ಮಳೆ.
ನಾನೂರು ಪ್ಯಾಂಟಿನ ಗಂಟು ಹೊತ್ತ ವಾಷಿಂಗಿನ ಟೆಂಪೋ
ಅಚ್ಚಿನವರೆಗೆ ಕೂತಿತು.
ವಲಿ ಮುಂದಿನ ಹಬ್ಬು ತಿರುಗಿಸಿ ಸರಪಳಿ ಹಾಕಿದ.
ಸ್ಟೇರಿಂಗ್ ಬಿಡಲಾಗದೆ ಇವನು ಕೂಗಿದ: "ಯಾರಾದ್ರೂ ಆ ಗಿಡ್ಡ..."
ಅಷ್ಟರಲ್ಲಿ ನಾನು ಎಳೆದಿದ್ದೆ.

ಮುಂದಿನ ಗಾಲಿ ಮಣ್ಣು ಕಚ್ಚಿದ್ದು ಕುಂಡಿಗೆ ತಿಳಿಯಿತು.
ಟೆಂಪೋ ಬಂತು, ಗಂಟು ಬಂತು, ಮೂವತ್ತು ಗಜ,
ಅಷ್ಟೇ ನಮ್ಮ ಮೊದಲ ಪ್ರಯಾಣ.
ಇವನು ನನ್ನ ಕೈಯನ್ನೇ ನೋಡುತ್ತಿದ್ದ.

ಹುಡ್ಡು ಸೋರಿ ಅವನ ಬಿಳಿ ಬನಿಯನ್ನಿನ ಮೇಲೆ
ನೀಲಿ ಹನಿ, ಇನ್ನೊಂದು ನೀಲಿ ಹನಿ.
"ಮೊದಲ ಒಗೆತ," ಅಂದೆ,
"ಬಣ್ಣ ಬಿಡ್ತಾವೆ."