ಎಡ ಹುಬ್ಬು

ಸೂಜಿಯ ಕಣ್ಣನ್ನು ಅರ್ಧಕ್ಕೆ ತೇದು
ಕವಲು ಮಾಡಿಟ್ಟುಕೊಂಡಿದ್ದಾಳೆ ಇಲ್ದಿಕೊ.
ಒಂದು ಎಳೆ, ಒಂದು ಚುಚ್ಚು.
ನಾಟಿ ಹಾಕಿದ ಹಾಗೆ ಅನ್ನೋಣವೆಂದರೆ
ಬುಡಾಪೆಸ್ಟಿನ ಈ ಷೆಡ್ಡಿನಲ್ಲಿ ಗದ್ದೆ ಕಂಡವರಿಲ್ಲ;
ಹೀಟರಿನ ಗೊರಗೊರ, ಆರಿದ ಕಾಫಿ,
ಮೊಣಕಾಲ ನಡುವೆ ಸಿಲಿಕೋನ್ ತಲೆ.

ನೆಟ್ಟಗೆ ಚುಚ್ಚಿದರೆ ಬ್ರಷ್ಷಾಗುತ್ತದೆ.
ಮಲಗಿಸಿ ಚುಚ್ಚಬೇಕು,
ಮೂಗಿನ ಬಳಿ ಮೇಲ್ಮುಖ, ಆಮೇಲೆ ಕಿವಿಯತ್ತ ವಾಲಿ.
ಎಡ ಹುಬ್ಬಿನಲ್ಲಿ ಮಾತ್ರ ಒಂದು ಗೆರೆ ಬೋಳು,
ಫೋಟೋದಲ್ಲಿ ಇದ್ದಂತೆ.
ಹನ್ನೊಂದು ದಿನ.

ಪರದೆಯ ಮೇಲೆ ಈ ತಲೆ ಉರುಳುವುದು ಎರಡು ಸೆಕೆಂಡು.

ನಟ ಬಂದ. ಬಗ್ಗಿ ನೋಡಿ ಬಾಯಿ ಬಿಟ್ಟ:
"ನಾನೇ! ದಿನಾ ಗಡ್ಡ ಹೆರೆಯುವಾಗ
ಎದುರು ನಿಲ್ಲುವವನೇ!"

ಅವನನ್ನು ಕರೆದೊಯ್ಯಲು ಬಂದಿದ್ದ ಅಕ್ಕ ಬೊರ್ಬಾಲಾ
ಕೈಗವಸು ಕಳಚಿ
ಬಲ ಹುಬ್ಬು ಮುಟ್ಟಿದಳು.
"ಗಾಯ ಇಲ್ಲಿ.
ಸ್ಕೇಟು ಬೀಸಿದವಳು ನಾನು."

ಫೋಟೋ ಅವನೇ ತೆಗೆದುಕೊಂಡದ್ದು, ಬಚ್ಚಲ ಕನ್ನಡಿಯೆದುರು.

ಇರಲಿ ಬಿಡಿ, ಯಾರಿಗೆ ಗೊತ್ತಾಗುತ್ತದೆ, ಎಂದು ನಕ್ಕ.
ಇಲ್ದಿಕೊ ಅಕ್ಕನ ಮುಖ ನೋಡಿದಳು,
ದೀಪ ಹತ್ತಿರಕ್ಕೆಳೆದು
ಚಿಮಟ ಹುಡುಕತೊಡಗಿದಳು.