ಮಂಗಳವಾರ ರಜೆ

ವಾರಕ್ಕೆ ಆರು ದಿನ ಕಾವಲಿಯ ಮುಂದೆ ನಿಲ್ಲುವವನು ನಾನು.
ಏಳನೆಯದು ಮಂಗಳವಾರ. ಹೋಟೆಲಿನ ಬಾಗಿಲಿಗೆ ಬೀಗ,
ನನ್ನ ಬಾಯಿಗಲ್ಲ.

ಮಿಂದು, ಇಸ್ತ್ರಿ ಅಂಗಿ ತೊಟ್ಟು ಹೊರಟರೆ
ಹೆಂಡತಿ ಕೇಳುತ್ತಾಳೆ:
"ವಾರವೆಲ್ಲ ಒಗ್ಗರಣೆ ಹೊಗೆ ಕುಡಿದದ್ದು ಸಾಲದಾ?"
ಸಾಲದು ಕಣೇ.
ಬೇರೆಯವರು ಬೇಯಿಸಿದ್ದರಲ್ಲಿ ಇನ್ನೊಂದು ರುಚಿಯಿದೆ,
ಉಪ್ಪಲ್ಲ, ಹುಳಿಯಲ್ಲ,
"ಏನ್ ಕೊಡ್ಲಿ ಸಾರ್?" ಅಂತ ಯಾರೋ ನನ್ನನ್ನು ಕೇಳುವುದು.

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ನೀಲಿ ತಗಡಿನಡಿ
ಕೆಂಚಮ್ಮ ತಟ್ಟೆ ಇಡ್ಲಿಗೆ ಚಟ್ನಿ ಹಾಕುವುದು
ಗಿಡಕ್ಕೆ ನೀರು ಹುಯ್ದ ಹಾಗೆ, ಬುಡಕ್ಕೆ, ನಿಧಾನ.
ಹುರಿಗಡಲೆ ಜಾಸ್ತಿ, ಕಾಯಿ ಕಮ್ಮಿ
ಎಂದು ನಾಲಗೆ ಲೆಕ್ಕ ಒಪ್ಪಿಸಲು ಬರುತ್ತದೆ.
ಇವತ್ತು ನಿನಗೂ ರಜೆ, ಸುಮ್ಮನಿರು ಅನ್ನುತ್ತೇನೆ.

ಮಧ್ಯಾಹ್ನ ಪೆನ್ಷನ್ ಮೊಹಲ್ಲಾ. ಗಫಾರ್ ಸಾಬರ ಖುಷ್ಕ,
ಬದನೆಕಾಯಿ ಮುಳುಗಿದ ದಾಲ್ಚ.
ಡೇಗ್ಸಿಯ ತಳಕ್ಕೆ ಹತ್ತಿದ ಅಕ್ಕಿಯನ್ನು ಕೆರೆಸಿ ಹಾಕಿಸಿಕೊಂಡಾಗ
ಅವರು ಒಂದು ಗಳಿಗೆ ನನ್ನ ಮುಂಗೈ ನೋಡಿದರು.
ಅಲ್ಲಲ್ಲಿ ಎಣ್ಣೆ ಸಿಡಿದ ಚುಕ್ಕೆ.
ಮಾತಾಡಲಿಲ್ಲ. ಇನ್ನೊಂದು ಸೌಟು ಬಡಿಸಿದರು.

ಕೆಲವು ಮಂಗಳವಾರ ಸಾಲಗಾಮೆ ರಸ್ತೆಯ ಮುದ್ದೆ ಮೆಸ್ಸು.
ಒಮ್ಮೆ ಎದುರಿಗೆ ಇಂಜಿನಿಯರಿಂಗ್ ಹುಡುಗ, ಪಾಟ್ನಾದವನಂತೆ,
ಮುದ್ದೆಯನ್ನು ಅಗಿಯುತ್ತ, ಅಗಿಯುತ್ತ,
ಪರೀಕ್ಷೆಗೆ ಕೂತವನ ಮುಖ.
ಅಗೀಬೇಡಪ್ಪಾ, ಎಂದು ಗಂಟಲು ತೋರಿಸಿದೆ.
ಬಸ್ಸಾರಿಗೆ ಅದ್ದಿದ. ನುಂಗಿದ. ಕಣ್ಣು ಅಗಲವಾಯಿತು.
ಎರಡನೇ ಮುದ್ದೆಗೆ ತಾನೇ ಕೈ ಎತ್ತಿದ.

ಸಂಜೆ ಮಹಾರಾಜ ಪಾರ್ಕಿನ ಬೇಲಿಯುದ್ದಕ್ಕೂ ಬೆಂಕಿ:
ಗೋಬಿ, ಎಗ್ ರೈಸು, ಸುಟ್ಟ ಜೋಳ,
ಕೊನೆಯಲ್ಲಿ ಟೇಕ್ ಬಹದ್ದೂರನ ಮೋಮೋ,
ನಮ್ಮ ಕಡುಬಿನ ದೂರದ ದಾಯಾದಿ.
ಹಿಟ್ಟಿಗೆ ಅವನು ಹಿಡಿಯುವ ನೆರಿಗೆ ಎಣಿಸಿದೆ,
ಹದಿನೆಂಟು, ಒಂದೂ ಅಳತೆ ತಪ್ಪಿಲ್ಲ.
ಯಾವ ಊರಪ್ಪಾ ಅಂದರೆ
"ತಣ್ಣೀರುಹಳ್ಳ" ಅಂದ.

ಆದರೆ ಹೇಳಬೇಕೆಂದದ್ದು ಇದಲ್ಲ.
ಹೋದ ವಾರ, ಬಸ್ ಸ್ಟ್ಯಾಂಡ್ ಎದುರಿನ ಹೊಸ ಹೋಟೆಲು.
ಜಾಗವಿಲ್ಲದೆ ಒಂದೇ ಮೇಜಿಗೆ ಒಬ್ಬರು ಬಂದು ಕೂತರು.
ಮುಖ ಎಂದೂ ನೋಡಿದ್ದಲ್ಲ.
"ಒಂದು ಖಾಲಿ, ಗರಿಗರಿಯಾಗಿ, ಎಣ್ಣೆ ಮುಟ್ಟಿಸಿ ಅಷ್ಟೇ" ಎಂದ ದನಿ ಮಾತ್ರ
ಪ್ರತಿ ಶನಿವಾರ, ಏಳೂವರೆಗೆ, ನನ್ನ ಬೆನ್ನ ಹಿಂದಿನಿಂದ ಬರುವುದೇ.

ಅವರಿಗೆ ಗೊತ್ತಿರುವುದು ನನ್ನ ಬೆನ್ನು.
ಬೆವರಿದ ಬನಿಯನ್ನು, ಹೆಗಲ ಮೇಲಿನ ಚೌಕ.
ಇಸ್ತ್ರಿ ಅಂಗಿಯ ಈ ಮುಖ ಅವರಿಗೂ ಹೊಸದು.

ಒಂದು ತುತ್ತು ತಿಂದು ತಟ್ಟೆ ಸರಿಸಿದರು.
"ಇದು ದೋಸೆ ಅಲ್ಲ ಸ್ವಾಮಿ, ನೆಂದ ರಟ್ಟು.
ಎನ್.ಆರ್. ಸರ್ಕಲ್ ಹತ್ರ ಒಂದು ಹೋಟೆಲಿದೆ,
ಅಲ್ಲಿಯ ದೋಸೆ ತಿಂದಿದ್ದೀರಾ?"

ಹತ್ತೊಂಬತ್ತು ವರ್ಷ.
ಕಾವಲಿ ಕಾಯುವ ಮೊದಲಿನ ಹಸಿ ದೋಸೆ, ಹರಿದದ್ದು, ಅಂಚು ಸೀದದ್ದು,
ಆರ್ಡರ್ ತಪ್ಪಿ ವಾಪಸ್ಸು ಬಂದದ್ದು,
ನಿಂತುಕೊಂಡು, ಗೋಡೆ ನೋಡುತ್ತ, ಎರಡು ತುತ್ತಿಗೆ ಮುಗಿಸಿದ್ದೇನೆ.
ಕೂತು? ತಟ್ಟೆಯಲ್ಲಿ? ಬೆಣ್ಣೆ ಕರಗಿ ಜಾರುವುದನ್ನು ನೋಡುತ್ತ?

"ಇಲ್ಲ" ಅಂದೆ.
ಅವರಿಗೆ ನಿಜವಾಗಿ ಮರುಕ ಬಂತು.
"ಒಂದ್ಸಲ ಹೋಗಿ ಸ್ವಾಮಿ. ನಾನು ಹೇಳಿದೆ ಅಂತ ಹೋಗಿ."
ಆಮೇಲೆ ಏನೋ ನೆನಪಾಗಿ,
"ಆದ್ರೆ ಮಂಗಳವಾರ ಹೋಗ್ಬೇಡಿ. ರಜೆ."

ಬೈಟು ಕಾಫಿ ಹೇಳಿದೆವು.
ಕಾಸು ನಾನು ಕೊಟ್ಟೆ, ಅವರು ಬೇಡ ಬೇಡವೆಂದರೂ.